ಮುಂದಿನ ಸ್ಟೇಷನ್ ಮಾಟುಂಗಾ

ಮಕ್ಕಳೇ, ಮುಂಬೈಯ ಲೋಕಲ್ ರೈಲಿನಲ್ಲಿ ಎರಡು ಬಗೆ. ಸ್ಲೋ ಗಾಡಿ ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುತ್ತದೆ, ಫಾಸ್ಟ್ ಗಾಡಿ ಕೆಲವು ಕಡೆ ಮಾತ್ರ. ಇದು ನನಗೆ ತಿಳಿದದ್ದು ಮೊಮ್ಮಗ ಕೈತಪ್ಪಿದ ದಿನ.

1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿದ್ದು ಇದೇ ದಾರಿಯಲ್ಲಿ ಎಂದು ದಾದರಿನಲ್ಲಿ ಅವನಿಗೆ ಹೇಳುತ್ತ ನಿಂತಿದ್ದೆ. ಗಾಡಿ ಬಂತು. ಅವನು ಹತ್ತಿದ, ನೂಕುನುಗ್ಗಲಲ್ಲಿ ನಾನು ಕೆಳಗೇ ಉಳಿದೆ. ಅರೆನಿಮಿಷದಲ್ಲಿ ಗಾಡಿ ಹೊರಟೇಬಿಟ್ಟಿತು. ನನಗೆ ಕೈಕಾಲೇ ಆಡಲಿಲ್ಲ.

“ಆಜೋಬಾ, ಅದು ಸ್ಲೋ. ಮಾಟುಂಗಾದಲ್ಲಿ ಇಳಿದು ನೋಡಿ” ಎಂದು ಹೂವಿನ ಬುಟ್ಟಿಯ ಹೆಂಗಸೊಬ್ಬಳು ಮರಾಠಿಯಲ್ಲಿ ಹೇಳಿ, ಮುಂದಿನ ಗಾಡಿಗೆ ಹತ್ತಿಸಿದಳು.

ಮಾಟುಂಗಾದಲ್ಲಿ ಯಾರೋ ಒಬ್ಬರು ಅವನ ಕೈಹಿಡಿದು ನಿಂತಿದ್ದರು, ತಮ್ಮ ಗಾಡಿ ಬಿಟ್ಟು.

“ಯಾಕ ಅಜ್ಜಾ, ಇಷ್ಟ ತಡಾ?” ಅಂದ.