ಅಕ್ಕನ ಮುಖ, ರಾಣಿಯ ಮುಖ



ಅಗಲಿದವರನ್ನು ನೆನೆಯುವ ಬಗೆ ಒಬ್ಬೊಬ್ಬರಿಗೆ ಒಂದೊಂದು ತೆರನಾದುದು. ಅಮೆರಿಕೆಯ ಕಪ್ಪು ಜನಾಂಗದ ಕಲಾವಿದೆ ಲೊರೇನ್ ಓಗ್ರೇಡಿಯವರು ತಮ್ಮ ಅಕ್ಕನನ್ನು ನೆನೆದ ಬಗೆಯನ್ನು ಅರಿತಂದಿನಿಂದ ಅದು ನನ್ನ ಮನಸ್ಸಿನಲ್ಲಿ ನೆಲೆಯೂರಿದೆ.

ಜಮೈಕಾದಿಂದ ವಲಸೆ ಬಂದ ದಂಪತಿಗಳಿಗೆ 1934ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದವರು ಲೊರೇನ್. ಡೆವೋನಿಯಾ ಇವ್ಯಾಂಜಲೀನ್ ಅವರಿಗೆ ಒಬ್ಬಳೇ ಅಕ್ಕ. ಇಬ್ಬರ ನಡುವೆ ವರ್ಷಗಟ್ಟಲೆ ಮಾತು ನಿಂತಿತ್ತು. ಮುನಿಸು ತಿಳಿಯಾದ ಕೆಲವೇ ವಾರಗಳಲ್ಲಿ, 1962ರಲ್ಲಿ, ಅಕ್ಕ ಅನಿರೀಕ್ಷಿತವಾಗಿ ತೀರಿಕೊಂಡಳು. ಮುಂದೆ ಈಜಿಪ್ಟಿಗೆ ಹೋದಾಗ ಲೊರೇನರಿಗೆ ಸುತ್ತಲಿನ ಜನರೆಲ್ಲ ತಮ್ಮ ಮನೆಯವರಂತೆಯೇ ಕಂಡರು. ಪ್ರಾಚೀನ ರಾಣಿ ನೆಫರ್ಟಿಟಿಯ ಮುಖದಲ್ಲಿ ಅವರು ಅಕ್ಕನನ್ನು ಕಂಡುಕೊಂಡರು.

ಪರ್ಫಾರ್ಮೆನ್ಸ್ ಆರ್ಟ್ ಎಂಬ ಪ್ರಕಾರದಲ್ಲಿ ಕಲಾವಿದರ ದೇಹ ಮತ್ತು ದನಿಯೇ ಕಲೆಯ ಸಾಮಗ್ರಿ. 1980ರಲ್ಲಿ ಲೊರೇನರು 180 ಜೊತೆ ಬಿಳಿ ಕೈಗವಸುಗಳ ನಿಲುವಂಗಿ ತೊಟ್ಟು, ಕಪ್ಪು ಕಲಾವಿದರ ಅಂಜಿಕೆಯನ್ನು ಕೂಗಿ ಖಂಡಿಸಿದ್ದುಂಟು. ಜನ ಹೆಚ್ಚಾಗಿ ನೆನೆಯುವುದು ಅದನ್ನೇ. ನನಗಾದರೋ ಅದೇ ವರ್ಷದ ಅಕ್ಟೋಬರ್ 31ರಂದು ನ್ಯೂಯಾರ್ಕಿನ ಜಸ್ಟ್ ಅಬೋವ್ ಮಿಡ್‌ಟೌನ್ ಗ್ಯಾಲರಿಯಲ್ಲಿ ನಡೆದುದು ಹಿರಿದೆನಿಸುತ್ತದೆ. ತೆರೆಯ ಮೇಲೆ ರಾಣಿಯ ಶಿಲ್ಪ ಮತ್ತು ಅಕ್ಕನ ಭಾವಚಿತ್ರ ಜೋಡಿಜೋಡಿಯಾಗಿ ಮೂಡುತ್ತಿದ್ದವು. ಅವುಗಳ ಮುಂದೆ ತಂಗಿಯು, ಮೃತರು ಮರಳಿ ನುಡಿಯಲೆಂದು ಈಜಿಪ್ಟಿನವರು ಆಚರಿಸುತ್ತಿದ್ದ ‘ಬಾಯಿ ತೆರೆಸುವ ವಿಧಿ’ಯನ್ನು ನಡೆಸಿದಳು. ಮಾತು ನಿಂತ ಮನೆಯವಳಿಗೆ ಈ ವಿಧಿಯೇ ಏಕೆ ಬೇಕಾಯಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ತನ್ನ ಅಕ್ಕನನ್ನು ರಾಣಿಯ ಪಕ್ಕ ಕೂರಿಸುವುದು ಅಹಂಕಾರವಲ್ಲವೇ ಎಂಬ ಪ್ರಶ್ನೆ ಏಳಬಹುದು. ಪಾಶ್ಚಾತ್ಯ ವಿದ್ವತ್ತು ಬಹುಕಾಲ ಈಜಿಪ್ಟನ್ನು ಆಫ್ರಿಕದಿಂದ ಬೇರ್ಪಡಿಸಿಯೇ ನೋಡಿತು. ಅಂಥಲ್ಲಿ ಕಪ್ಪು ಕುಟುಂಬವೊಂದರ ಚಿತ್ರವನ್ನು ಅಲ್ಲಿಡುವುದು ಕಳೆದುಹೋದ ನಂಟನ್ನು ಮರಳಿ ಕೇಳಿದಂತೆ. ಮೇಲಾಗಿ ಲೊರೇನರು ಅಕ್ಕನನ್ನು ಬರಿದೇ ಹೊಗಳಲಿಲ್ಲ. ರಾಣಿಯ ತಂಗಿ ಮುತ್ನೆಜ್ಮೆತಳ ಪಕ್ಕದಲ್ಲಿ ತಮ್ಮದೇ ಚಿತ್ರವನ್ನಿಟ್ಟರು. ಅಕ್ಕನ ನೆರಳಿನಲ್ಲಿ ಬೆಳೆದವರಿಗೆ ಆ ಸ್ಥಾನದ ಕಹಿ ಗೊತ್ತು.

ನನ್ನ ತಾಯಿಗೂ ಅವರ ಅಕ್ಕನಿಗೂ ಹೀಗೆಯೇ ಮಾತು ನಿಂತಿತ್ತು. ದೊಡ್ಡಮ್ಮ ತೀರಿದ ಮೇಲೆ ತಾಯಿ ಆ ಭಾವಚಿತ್ರವನ್ನು ಗೋಡೆಗೇರಿಸಲಿಲ್ಲ, ಬಿಸಾಡಲೂ ಇಲ್ಲ. ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ಏಕೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಲೊರೇನರು 1994ರಲ್ಲಿ ಹದಿನಾರು ಜೋಡಿಗಳನ್ನು ಆರಿಸಿ ಗೋಡೆಗೇರಿಸಿದರು. 2024ರ ಡಿಸೆಂಬರಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ತಾವೂ ಅಗಲಿದರು. ಆ ಹದಿನಾರರಲ್ಲಿ ಒಂದು ಜೋಡಿಯಿದೆ: ಒಂದು ಕಡೆ ನೆಫರ್ಟಿಟಿಯ ಕೊನೆಯ ಪ್ರತಿಮೆ, ಇನ್ನೊಂದು ಕಡೆ ಡೆವೋನಿಯಾಳ ಕಿರಿಯ ಮಗಳು.