ಮೊಮ್ಮಗಳ ನಾಲಿಗೆ

ನಮ್ಮ ಮನೆಯಲ್ಲಿ ಮೊಮ್ಮಗಳು ಜನಿಸಿದಾಗ ಅವಳ ನಾಲಿಗೆ ತುಟಿಗಳನ್ನು ದಾಟಿ ಹೊರಚಾಚಿಕೊಂಡಿತ್ತು. ಹೊಕ್ಕುಳು ಉಬ್ಬಿತ್ತು, ಮೊದಲ ದಿನವೇ ರಕ್ತದ ಸಕ್ಕರೆ ಅಂಶ ಕುಸಿಯಿತು. ಇದು ಬೆಕ್‌ವಿತ್–ವೀಡೆಮನ್ ಎಂಬ ಜನ್ಮಜಾತ ಸ್ಥಿತಿಯೆಂದು ವೈದ್ಯರು ತಿಳಿಸಿದರು. 1960ರ ದಶಕದಲ್ಲಿ ಅಮೆರಿಕದ ಬೆಕ್‌ವಿತ್ ಮತ್ತು ಜರ್ಮನಿಯ ವೀಡೆಮನ್ ಎಂಬ ವೈದ್ಯರು ಇದನ್ನು ಬೇರೆ ಬೇರೆಯಾಗಿ ವಿವರಿಸಿದ್ದರಿಂದ ಈ ಹೆಸರು ಬಂದಿದೆ. ತೊಟ್ಟಿಲ ಶಾಸ್ತ್ರಕ್ಕೆ ಬಂದವರು ಪಿಸುಗುಟ್ಟಿದರು. ಹೇಳಲು ನಾಚಿಕೆಯಾಗುತ್ತದೆ, ನಾವೂ ಆ ಕೂಸನ್ನು ಮದುವೆ, ಜಾತ್ರೆಗಳಿಗೆ ಕರೆದೊಯ್ಯದೆ ಮನೆಯಲ್ಲೇ ಇರಿಸಿದೆವು.

ಹಾಲುಹಲ್ಲು ಮೂಡಿದಂತೆ ಕೆಳಗಿನ ಬಾಚಿಹಲ್ಲುಗಳು ಮುಂದಕ್ಕೆ ಬಾಗಿದವು. ದವಡೆ ಕಚ್ಚಿದರೂ ಮುಂದಿನ ಹಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ದಂತವೈದ್ಯರು ಕಾರಣವನ್ನು ಬಿಡಿಸಿ ಹೇಳಿದರು: ಹಲ್ಲನ್ನು ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ-ಕೆನ್ನೆಗಳು ಒತ್ತುತ್ತಿರುತ್ತವೆ. ನುಂಗುವಾಗಿನ ಒತ್ತಡ ಜೋರಾದರೂ ಅದು ಕ್ಷಣಿಕ. ಸುಮ್ಮನಿರುವಾಗ ನಾಲಿಗೆ ಗಂಟೆಗಟ್ಟಲೆ ಒರಗಿಕೊಂಡು ನೀಡುವ ಹಗುರ ಒತ್ತಡವೇ ಹಲ್ಲನ್ನು ಸರಿಸಬಲ್ಲದು. ಅಮೆರಿಕದ ದಂತತಜ್ಞ ವಿಲಿಯಂ ಪ್ರಾಫಿಟ್ 1978ರಲ್ಲಿ ಈ ವಿಚಾರವನ್ನು ಒತ್ತಿ ಹೇಳಿದ್ದಾರೆ.

ಶಸ್ತ್ರಚಿಕಿತ್ಸೆಯ ಮಾತು ಬಂದಾಗ ನಾವು ಒಪ್ಪಲಿಲ್ಲ. ನಾಲಿಗೆಗೆ ಕತ್ತರಿ ಬಿದ್ದರೆ ಮಾತು ಹೋದೀತೆಂಬ ಭಯ. ಆಗ ಸೊಸೆ, “ಮಾವನವರೇ, ಒಂದು ರಾತ್ರಿ ಕೂಸಿನ ಪಕ್ಕ ಕುಳಿತು ನೋಡಿರಿ” ಎಂದಳು. ಕುಳಿತೆವು. ನಿದ್ರೆಯಲ್ಲಿ ಅದರ ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಬೆಳಗಾಗುವಷ್ಟರಲ್ಲಿ ನಮ್ಮ ಹಟ ಕರಗಿತ್ತು.

ಎರಡನೆಯ ವರ್ಷದಲ್ಲಿ ಚಿಕಿತ್ಸೆಯಾಯಿತು. ಬೀಗದ ಕೀಲಿರಂಧ್ರದ ಆಕಾರದಲ್ಲಿ ನಾಲಿಗೆಯ ಭಾಗವನ್ನು ತೆಗೆದು ಅಂಚುಗಳನ್ನು ಹೊಲಿದರು. ಇದರಿಂದ ಉದ್ದವೂ ಅಗಲವೂ ತಗ್ಗಿದವು. ಬಾವು ಇಳಿದ ಮೇಲೆ ನಾಲಿಗೆ ಬಾಯೊಳಗೆ ನೆಲೆಸಿತು, ತುಟಿಗಳು ಕೂಡಿದವು. ಒಳಗಿನ ಒತ್ತಡ ಇಳಿದುದರಿಂದ ತುಟಿಯ ಒತ್ತಡಕ್ಕೆ ಮಣಿದು ಹಲ್ಲುಗಳು ತಿಂಗಳುಗಳಲ್ಲಿ ನಿಧಾನವಾಗಿ ಹಿಂದೆ ಸರಿದವು. ಸಂದು ಕಿರಿದಾಯಿತು, ಆದರೆ ಪೂರ್ತಿ ಮುಚ್ಚಲಿಲ್ಲ. ದವಡೆಯ ಮೂಳೆ ಅದಾಗಲೇ ಉದ್ದ ಬೆಳೆದಿತ್ತು. ನುಂಗುವಾಗ ನಾಲಿಗೆಯನ್ನು ಮುಂದೆ ದೂಡುವ ರೂಢಿಯೂ ಉಳಿದಿತ್ತು. ಅದಕ್ಕಾಗಿ ವ್ಯಾಯಾಮ ಮಾಡಿಸಿದೆವು. ಮುಂದೆ ಹಲ್ಲಿಗೆ ತಂತಿಯೂ ಬೇಕಾದೀತು. ಈ ಮಕ್ಕಳಲ್ಲಿ ಮೂತ್ರಪಿಂಡ, ಯಕೃತ್ತಿನ ಗಡ್ಡೆಗಳ ಸಂಭವ ಹೆಚ್ಚಾದುದರಿಂದ ಹೊಟ್ಟೆಯ ಸ್ಕ್ಯಾನನ್ನು ತಪ್ಪದೆ ಮಾಡಿಸುತ್ತ ಬಂದೆವು.

ಮಾತು ಹೋಗಲಿಲ್ಲ. ಮೊದಲು ತೊದಲುತ್ತಿದ್ದ ‘ತ’, ‘ಲ’ಗಳು ಈಗ ಸ್ಪಷ್ಟವಾಗಿವೆ. ಇಂಥ ಕೂಸು ಯಾರ ಮನೆಯಲ್ಲಿದ್ದರೂ ಬಚ್ಚಿಡಬೇಡಿರಿ, ಬೇಗನೆ ತಜ್ಞರಿಗೆ ತೋರಿಸಿರಿ. ಕಳೆದ ಜಾತ್ರೆಯಲ್ಲಿ ಮೊಮ್ಮಗಳು ನಮ್ಮ ಕೈಹಿಡಿದು ತೇರಿನ ಮುಂದೆ ನಡೆದಳು. ನಾವು ಕಳೆದುಕೊಂಡಿದ್ದ ಎರಡು ಜಾತ್ರೆಗಳು ಆಗ ನೆನಪಾದವು.