ಪೂರಿಗಾಲಿ ಜಗಲಿಯಲ್ಲಿ ಸುಳ್ಳುಹುಳ

ಮೈಸೂರಿನಿಂದ ಬನ್ನೂರು, ಕಿರುಗಾವಲು ದಾಟಿ ಮಳವಳ್ಳಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದರೆ ಪೂರಿಗಾಲಿ. ಶಿವನಸಮುದ್ರದ ಜಲಪಾತ ನೋಡೋಕೆ ಹೋಗೋರು ಈ ಊರಿನ ಹೆಸರು ಕೇಳಿರೋದು ಕಡಿಮೆ. ಈಚೆಗೆ ಹನಿ ನೀರಾವರಿ ಯೋಜನೆ ದೆಸೆಯಿಂದ ಪೇಪರಿನಲ್ಲಿ ಆಗಾಗ ಬರ್ತಿರುತ್ತೆ, ಅಷ್ಟೆ. ಸುತ್ತ ಕಬ್ಬು, ಭತ್ತ, ರಾಗಿ, ಅಲ್ಲಲ್ಲಿ ಹಿಪ್ಪುನೇರಳೆ. ನಮ್ಮ ಸೋದರತ್ತೆಯ ಮನೆ ಇರೋದು ಇಲ್ಲೇ. ವರ್ಷಕ್ಕೆ ಎರಡು ಸಲವಾದರೂ ನಾಲ್ಕು ದಿನ ಇದ್ದು ಬರ್ತೀನಿ.

ಹೋದ ಸಲ ನನ್ನ ಬ್ಯಾಗಿನಿಂದ ಹೊರಗೆ ಬಂದ ಕಬ್ಬಿಣದ ಸಾಮಾನು ನೋಡಿ ಅತ್ತೆ, "ಇದೇನ್ಲಾ ಮಗ, ಶ್ಯಾವ್ಗೆ ಒತ್ತೋದಾ?" ಅಂದ್ರು. ಅದು ವೈಸ್. ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣ ಕಚ್ಚಿಸಿ ಹಿಡಿಯೋ ದೊಡ್ಡ ವೈಸನ್ನ ನೀವು ನೋಡಿರ್ತೀರಿ. ಇದು ಅದರ ಮೊಮ್ಮಗು. ಒಂದು ಮೀನಿನ ಗಾಳದ ಕೊಕ್ಕೆಯನ್ನ ಅಲ್ಲಾಡದ ಹಾಗೆ ಹಿಡಿದುಕೊಳ್ಳೋದು ಇದರ ಏಕೈಕ ಕೆಲಸ. ಕೊಕ್ಕೆ ನಿಂತ ಮೇಲೆ ಅದರ ಮೇಲೆ ದಾರ, ಗರಿ, ಉಣ್ಣೆ ಸುತ್ತಿ ಹುಳದ ಆಕಾರ ತರ್ತೀವಿ. ಇಂಗ್ಲಿಷಿನವರು ಅದಕ್ಕೆ ಫ್ಲೈ ಅಂತಾರೆ. ವಿವರಿಸಿದ ಮೇಲೆ ಅತ್ತೆ ಇಟ್ಟ ಹೆಸರು ಸುಳ್ಳುಹುಳ. "ಹುಳ ತಿನ್ನೋ ಮೀನ್ಗೆ ಹುಳನೇ ಹಾಕಕ್ಕೇನು?" ಅನ್ನೋ ಅವರ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ರ ಸರಿಯಾದ ಉತ್ತರ ಇಲ್ಲ. ಕಟ್ಟೋದರಲ್ಲಿ ಒಂದು ಸುಖ ಇದೆ, ನಾವೇ ಕಟ್ಟಿದ್ದನ್ನ ಮೀನು ನಂಬಿದಾಗ ಇನ್ನೊಂದು ಸುಖ. ಹಾಗೆ ಹಿಡಿದ ಮೀನನ್ನ ಮತ್ತೆ ನೀರಿಗೆ ಬಿಡ್ತೀವಿ ಅಂದಾಗಂತೂ ಅವರು ನನ್ನ ಜೊತೆ ಮಾತೇ ನಿಲ್ಲಿಸಿದರು.

ಈ ಹವ್ಯಾಸ ಸ್ಕಾಟ್ಲೆಂಡಿನ ಹೊಳೆಗಳದ್ದು ಅಂದುಕೊಳ್ತೀವಿ, ಆದರೆ ಇದಕ್ಕೆ ಬೇಕಾದ ಮಾಲು ಪೂರಿಗಾಲಿ ಅಂಥ ಊರಿನಲ್ಲಿ ಕಾಲಿಗೆ ಸಿಗುತ್ತೆ. ನಾಟಿ ಹುಂಜದ ಕುತ್ತಿಗೆ ಗರಿ ನೀಳವಾಗಿ, ಬಿರುಸಾಗಿ ಇರುತ್ತೆ. ಕೊಕ್ಕೆಗೆ ಸುತ್ತಿದರೆ ಎಳೆಗಳು ಸುತ್ತಲೂ ನೆಟ್ಟಗೆ ನಿಂತು ಹುಳದ ಕಾಲಿನಂತೆ ಕಾಣ್ತವೆ. ಫಾರಂ ಕೋಳಿ ಗರಿ ಮೆತ್ತಗಿರೋದರಿಂದ ನೀರಿನ ಮೇಲೆ ತೇಲೋ ಹುಳಕ್ಕೆ ಆಗಲ್ಲ. ಹಳೇ ಇಂಗ್ಲಿಷ್ ಫ್ಲೈಗಳನ್ನ ಕಟ್ಟುತ್ತಿದ್ದದ್ದು ರೇಷ್ಮೆ ದಾರದಲ್ಲಿ, ಮಳವಳ್ಳಿ ಸೀಮೆಯೋ ರೇಷ್ಮೆ ಬೆಳೆಯೋ ಸೀಮೆ. ಈಗ ಎಲ್ಲರೂ ನೈಲಾನು, ಪಾಲಿಯೆಸ್ಟರ್ ದಾರಕ್ಕೆ ಬಂದಿದ್ದಾರೆ. ಆದರೂ ಒದ್ದೆಯಾದಾಗ ರೇಷ್ಮೆಗೆ ಬರೋ ಬಣ್ಣ ಅದಕ್ಕೆ ಬರಲ್ಲ.

ಇನ್ನೊಂದು ಗರಿಯ ಕತೆ ಹೇಳಲೇಬೇಕು. ನಮ್ಮ ಕಾಡುಕೋಳಿ ಹುಂಜದ ಕುತ್ತಿಗೆಯಲ್ಲಿ ಮೇಣ ಬಳಿದಂಥ ಹೊಳೆಯೋ ಚುಕ್ಕೆಯ ಗರಿಗಳಿರ್ತವೆ. ಈ ಬೂದುಬಣ್ಣದ ಕಾಡುಕೋಳಿ ಭಾರತದ ಪರ್ಯಾಯ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ಚುಕ್ಕೆ ಮೀನಿನ ಕಣ್ಣಿನ ಹಾಗೆ ಕಾಣುತ್ತೆ ಅಂತ ಬ್ರಿಟಿಷರ ಸಾಲ್ಮನ್ ಫ್ಲೈಗಳಿಗೆ ಅದು ಬೇಕೇ ಬೇಕಿತ್ತು. ನಮ್ಮ ಕಾಡಿನ ಗರಿ ಹಡಗು ಹತ್ತಿ ಅಲ್ಲಿಗೆ ಹೋಗ್ತಿತ್ತು. ಈಗ ಆ ಹಕ್ಕಿಯನ್ನ ಹಿಡಿಯೋದು, ಅದರ ಗರಿ ಮಾರೋದು ಅಪರಾಧ. ಯಾರಾದರೂ ಕೊಡ್ತೀನಿ ಅಂದರೂ ಮುಟ್ಟಬೇಡಿ, ನಾಟಿ ಹುಂಜವೇ ಸಾಕು.

ಹೀಗೆ ಎಲ್ಲ ಸಿಗುವ ಕಡೆ ಸಿಗದೇ ಇರೋದು ವೈಸ್ ಒಂದೇ. ನನ್ನದು ಅಗ್ಗದ್ದು. ಅಮೆರಿಕದ ಥಾಂಪ್ಸನ್ ಕಂಪನಿಯ ಹಳೇ 'ಎ' ಮಾಡೆಲ್ಲಿನ ಅಚ್ಚಿನಲ್ಲಿ ಭಾರತದಲ್ಲೂ ಪಾಕಿಸ್ತಾನದಲ್ಲೂ ತಯಾರಾಗೋ ಜಾತಿಯದು. ಹಿಂದೆ ಇರೋ ಸನ್ನೆ ಒತ್ತಿದರೆ ದವಡೆ ಮುಚ್ಚುತ್ತೆ. ಕೆಳಗೆ ಮೇಜಿನ ಅಂಚಿಗೆ ಕಚ್ಚಿಸೋಕೆ ಕ್ಲಾಂಪು. ಮೈಸೂರಿನ ಮನೆಯ ಮೇಜಿಗೆ ಅದು ಚೆನ್ನಾಗಿಯೇ ಕೂತಿತ್ತು. ಪೂರಿಗಾಲಿಯಲ್ಲಿ ಮೇಜು ಎಲ್ಲಿ? ಇರೋದು ಕಲ್ಲು ಚಪ್ಪಡಿಯ ಜಗಲಿ. ಗೇಣುದ್ದ ದಪ್ಪದ ಚಪ್ಪಡಿಗೆ ಯಾವ ಕ್ಲಾಂಪೂ ಬಾಯಿ ತೆಗೆಯಲ್ಲ. ದಾರಿ ತೋರಿಸಿದ್ದು ಅತ್ತೆಯೇ. ಕೂತ್ಕೊಳ್ಳೋ ಮಣೆಯ ಒಂದು ತುದಿಗೆ ವೈಸ್ ಕಚ್ಚಿಸು, ಇನ್ನೊಂದು ತುದಿ ಮೇಲೆ ನೀನು ಕೂತ್ಕೊ, ಈಳಿಗೆಮಣೆ ಥರ, ಅಂದ್ರು. ಹಾಗೇ ಮಾಡಿದೆ. ವೈಸಿನ ಕಂಬ ಒಂದು ಗೇಣಿನಷ್ಟು ಎತ್ತರ ಇರೋದರಿಂದ ಕೆಲಸ ಸರಿಯಾಗಿ ಹೊಟ್ಟೆ ಮಟ್ಟಕ್ಕೆ ಬಂತು. ನಮ್ಮ ಮೈಭಾರವೇ ಅದಕ್ಕೆ ಆಧಾರ, ಮಣೆ ಅಲ್ಲಾಡೋ ಮಾತೇ ಇಲ್ಲ. ನೆಲದ ಮೇಲೆ ಕೂರೋ ಅಭ್ಯಾಸ ಇರೋರಿಗೆ ಇದಕ್ಕಿಂತ ಒಳ್ಳೇ ಏರ್ಪಾಡು ಯಾವ ಕಂಪನಿಯೂ ಮಾಡಿಲ್ಲ.

ಅತ್ತೆಯ ಮಗ, ಅಂದರೆ ನಮ್ಮ ಭಾವ, ವೆಲ್ಡಿಂಗ್ ಶಾಪು ಇಟ್ಟಿದ್ದಾರೆ. ಒಂದು ಸಾಯಂಕಾಲ ವೈಸ್ ತಗೊಂಡು ಅಲ್ಲಿಗೆ ಹೋದೆ. ಅದೇ ಹೊತ್ತಿಗೆ ಪೈಪಿನ ತುಂಡು ವೆಲ್ಡ್ ಮಾಡಿಸೋಕೆ ಹೊಳೆ ಕಡೆಯ ಹಿರಿಯರೊಬ್ಬರು ಬಂದಿದ್ದರು. ಹಿಂದೆ ಭೀಮೇಶ್ವರಿ ಕಡೆ ಮೀನುಗಾರಿಕೆ ಕ್ಯಾಂಪಿನಲ್ಲಿ ಗೈಡ್ ಆಗಿದ್ದೋರು. ನನ್ನ ಡಬ್ಬಿಯಲ್ಲಿದ್ದ ಹುಳಗಳನ್ನ ಒಂದೊಂದೇ ಬೆರಳ ತುದಿಯಲ್ಲಿ ಎತ್ತಿ ನೋಡಿ, "ಇವು ಜಿಲೇಬಿ ಮೀನ್ಗಾಯ್ತು ಕಣಪ್ಪ. ಬಿಳಿಮೀನ್ಗೆ?" ಅಂದರು.

ಬಿಳಿಮೀನು ಅಂದರೆ ಕಾವೇರಿಯ ಮಹಶೀರ್. ಅದಕ್ಕೆ ಅವರು ಹಾಕುತ್ತಿದ್ದದ್ದು ಬೇಯಿಸಿ ನಾದಿದ ರಾಗಿ ಹಿಟ್ಟಿನ ಗಟ್ಟಿ ಉಂಡೆ. ವಿಲಾಯಿತಿಯಿಂದ ಸಾವಿರಾರು ಪೌಂಡ್ ಖರ್ಚು ಮಾಡ್ಕೊಂಡು ಬಂದೋರೂ ಕೊನೆಗೆ ನಮ್ಮ ಮುದ್ದೆಯನ್ನೇ ನಂಬಬೇಕಾಗ್ತಿತ್ತು ಅಂತ ನಕ್ಕರು. ದೊಡ್ಡ ಸುಳ್ಳುಹುಳ ಹೇಗಿರುತ್ತೋ ನೋಡೇಬಿಡೋಣ ಅಂತ 6/0 ಸೈಜಿನ ಕೊಕ್ಕೆಯೊಂದನ್ನ ವೈಸಿಗೆ ಕಚ್ಚಿಸಿದೆ. (ಗಾಳದ ಲೆಕ್ಕ ವಿಚಿತ್ರ. 14, 12, 10 ಅಂತ ಸಂಖ್ಯೆ ಇಳಿದಂತೆ ಕೊಕ್ಕೆ ದೊಡ್ಡದಾಗುತ್ತೆ. 1 ದಾಟಿದ ಮೇಲೆ 1/0, 2/0 ಅಂತ ಏರಿದಂತೆ ಇನ್ನೂ ದೊಡ್ಡದಾಗುತ್ತೆ.) ದಾರ ಬಿಗಿಯಾಗಿ ಎಳೆದ ಕೂಡಲೇ ಕೊಕ್ಕೆ ಜಾರಿ ತಲೆ ಬಗ್ಗಿಸಿತು. ಮತ್ತೆ ಬಿಗಿ ಮಾಡಿದೆ, ಮತ್ತೆ ಜಾರಿತು. ಭಾವ ಇಸ್ಕೊಂಡು ನೋಡಿ, "ಇದು ಕಚ್ತಾ ಇಲ್ಲ ಕಣೋ. ಮುಟ್ಕೊಂಡ್ ಕೂತದೆ ಅಷ್ಟೆ" ಅಂದರು. ಆಮೇಲೆ ದವಡೆಯ ಮೂಲೆಗೆ ಅರ ಆಡಿಸಿದರು. ಅರ ಜಾರಿ ಹೋದರೆ ಉಕ್ಕಿಗೆ ಪಾಕ ಚೆನ್ನಾಗಿ ಬಂದಿದೆ ಅಂತ ಲೆಕ್ಕ. ನಮ್ಮದರಲ್ಲಿ ಅರ ಕಚ್ಚಿತು, ಪುಡಿ ಉದುರಿತು. ಮೆತ್ತನೆ ಉಕ್ಕು.

ವೈಸ್ ಕೊಳ್ಳೋಕೆ ಹೊರಟವರಿಗೆ ಹೇಳಬೇಕಾದ್ದು ಇಲ್ಲೇ ಇದೆ. ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ದವಡೆ. ನೀವು ಕಟ್ಟೋ ಅತಿ ಸಣ್ಣ ಕೊಕ್ಕೆಯನ್ನೂ ಅತಿ ದೊಡ್ಡದನ್ನೂ ಜೇಬಿನಲ್ಲಿ ಇಟ್ಕೊಂಡು ಹೋಗಿ. ಕಚ್ಚಿಸಿ, ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ. ಕೊಕ್ಕೆಯ ಕಡ್ಡಿ ಬಾಗಿ ವಾಪಸ್ ಚಿಮ್ಮಬೇಕು, ದವಡೆಯೊಳಗೆ ಜಾರಬಾರದು. ಇದರಲ್ಲಿ ಪಾಸಾಗದ ವೈಸಿಗೆ ಎಷ್ಟು ಥಳಕು ಇದ್ದರೂ ದುಡ್ಡು ದಂಡ.

ಇನ್ನು ವಿದೇಶದ್ದು. ರೀಗಲ್ ಅನ್ನೋದು ಬಟ್ಟೆ ಒಣಹಾಕೋ ಕ್ಲಿಪ್ಪಿನ ಥರ. ಸನ್ನೆ ಒತ್ತಿದರೆ ಬಾಯಿ ತೆಗೆಯುತ್ತೆ, ಬಿಟ್ಟರೆ ಸ್ಪ್ರಿಂಗ್ ಬಲದಲ್ಲೇ ಕಚ್ಚುತ್ತೆ. ಸೈಜು ಬದಲಾದಾಗಲೆಲ್ಲ ತಿರುಪು ತಿರುಗಿಸೋ ತಾಪತ್ರಯ ಇಲ್ಲ, ದೊಡ್ಡ ಕೊಕ್ಕೆ ಹಿಡಿಯೋದರಲ್ಲಿ ಗಟ್ಟಿಗ. ರೆನ್‌ಜೆಟ್ಟಿಯದು ಪೂರ್ತಿ ತಿರುಗೋ ಜಾತಿ. ಹಿಡಿ ತಿರುಗಿಸಿದರೆ ಕೊಕ್ಕೆ ತನ್ನ ಜಾಗದಲ್ಲೇ ರಾಟೆಯ ಕದಿರಿನಂತೆ ಸುತ್ತುತ್ತೆ. ಗರಿ ಹಿಡ್ಕೊಂಡಿದ್ದರೆ ಸಾಕು, ತಾನೇ ಸುತ್ಕೊಳ್ಳುತ್ತೆ. ಎರಡೂ ಅಮೆರಿಕದವು, ಇನ್ನೂರು ಡಾಲರಿನ ಆಸುಪಾಸು ಶುರು. ಸಾಗಾಟ, ಸುಂಕ ಬೇರೆ. ದಿನಕ್ಕೆ ಹತ್ತಾರು ಹುಳ ಕಟ್ಟೋರಿಗೆ ತಿರುಗೋ ವೈಸ್ ಕೈನೋವು ಉಳಿಸುತ್ತೆ. ತಿಂಗಳಿಗೆ ನಾಲ್ಕು ಕಟ್ಟೋರಿಗೆ ಅದು ಶೋಕಿ, ಶೋಕಿ ತಪ್ಪು ಅಂತ ನಾನೇನೂ ಹೇಳ್ತಿಲ್ಲ.

ನಾನು ರೀಗಲ್ ಕಡೆ ವಾಲಿದ್ದೆ, 6/0 ಕೊಕ್ಕೆಯ ಆಸೆಗೆ. ಆ ಆಸೆ ಇಳಿಸಿದ್ದೂ ಆ ಹಿರಿಯರೇ. "ಕಟ್ಟು. ಕಟ್ಟಿ ಎಲ್ಲಿ ಬಿಡ್ತೀಯ?" ಅಂದರು.

ಎಲ್ಲಿ ಬಿಡೋದು ಅನ್ನೋ ಪ್ರಶ್ನೆಗೆ ಒಂದೂವರೆ ಶತಮಾನದ ಇತಿಹಾಸ ಇದೆ. ಭಾರತದ ಗಾಳದ ಮೀನುಗಾರಿಕೆ ಮೇಲೆ ಬಂದ ಪ್ರಸಿದ್ಧ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' ಮೊದಲು ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ಬರೆದವರು ಮದ್ರಾಸ್ ಸಿವಿಲ್ ಸರ್ವಿಸಿನ ಎಚ್. ಎಸ್. ಥಾಮಸ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋ ತೂಕದ ಮಹಶೀರ್ ಹಿಡಿದರು. 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ಯುವಕರು ಬಂದು ಕಾವೇರಿಯಲ್ಲಿ ದೊಡ್ಡ ಮೀನು ಇನ್ನೂ ಇದೆ ಅಂತ ಲೋಕಕ್ಕೆ ಸಾರಿದ ಮೇಲೆ ಕ್ಯಾಂಪುಗಳ ಕಾಲ ಶುರುವಾಯ್ತು. ಹಿಡಿ, ತೂಗು, ಫೋಟೋ ತೆಗಿ, ಬಿಡು. ಹೊಳೆ ದಡದ ಎಷ್ಟೋ ಮನೆಗಳ ಒಲೆ ಅದರಿಂದ ಉರೀತಿತ್ತು.

ಮುತ್ತತ್ತಿ, ಭೀಮೇಶ್ವರಿ ಕಡೆಯ ಆ ಹೊಳೆ ಇರೋದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದಲ್ಲಿ. ಗಾಳ ಹಾಕೋದೂ ಬೇಟೆಯೇ ಅನ್ನೋ ವ್ಯಾಖ್ಯಾನ ಬಂದು, 2010ರ ನಂತರ ಕ್ಯಾಂಪುಗಳಲ್ಲಿ ಗಾಳ ನಿಂತಿತು. 2018ರಲ್ಲಿ ವಿಜ್ಞಾನಿಗಳು ಈ ಬೆನ್ನುಬ್ಬಿನ ಮಹಶೀರಿಗೆ ಟಾರ್ ರೆಮದೇವಿಯೈ ಅನ್ನೋ ಹೆಸರು ಸಲ್ಲಬೇಕು ಅಂತ ಗುರುತಿಸಿದರು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿದೆ ಅಂತ ಕೆಂಪುಪಟ್ಟಿಗೂ ಸೇರಿತು. ಲೋಕಕ್ಕೆಲ್ಲ ಗೊತ್ತಿದ್ದ ಮೀನಿಗೆ ಸರಿಯಾದ ಹೆಸರು ಸಿಕ್ಕಿದ್ದು ಅದು ಮುಗಿಯೋ ಹೊತ್ತಿಗೆ. ಹಿರಿಯರ ವಾದ ಬೇರೆ. ಗಾಳ ಹಾಕೋ ಜನ ಹೊಳೆಯಲ್ಲಿ ಇದ್ದಾಗ ಡೈನಮೈಟ್ ಹಾಕೋರು ಹೆದರ್ತಿದ್ರು, ಈಗ ಕಾಯೋರು ಯಾರು ಅಂತಾರೆ. ಆ ಮಾತನ್ನ ನಾನು ತಳ್ಳಿಹಾಕಲಾರೆ. ಹಾಗಂತ ಉಳಿದಿರೋ ನಾಕು ಮೀನಿನ ಬಾಯಿಗೆ ಕೊಕ್ಕೆ ಹಾಕೋ ಧೈರ್ಯವೂ ನನಗಿಲ್ಲ.

ಹಾಗಾಗಿ ಲೆಕ್ಕ ಸಲೀಸಾಯ್ತು. ನಮಗೆ ಉಳಿದಿರೋದು ಮೀನುಗಾರಿಕೆ ಹಕ್ಕು ಹಿಡಿದವರ ಒಪ್ಪಿಗೆ ಪಡೆದು ಕೆರೆಯಲ್ಲಿ ಹಿಡಿಯೋ ಜಿಲೇಬಿ ಮತ್ತು ಕೊರವ. ಜಿಲೇಬಿಗೆ 10, 12ರ ಕೊಕ್ಕೆ. ಜೊಂಡಿನ ಮರೆಯಲ್ಲಿ ಕೂತು ಕಪ್ಪೆಗೆ ಹಾರೋ ಕೊರವನಿಗೆ 1/0, ಹೆಚ್ಚೆಂದರೆ 2/0. ಇಷ್ಟನ್ನ ಬಿಗಿಯಾಗಿ ಹಿಡಿಯೋ ದವಡೆ ಸಿಕ್ಕರೆ ಸಾಕು. ಇನ್ನೂರು ಡಾಲರ್ ಬೇಡ. ಮಧ್ಯಮ ದರದ್ದೊಂದು, ದವಡೆ ಗಟ್ಟಿ ಇರೋದು, ಕ್ಲಾಂಪೂ ಪೀಠವೂ ಇಲ್ಲದೆ ಬರೀ ತಲೆ ಮತ್ತು ಕಂಬ ತರಿಸಿದೆ.

ಪೀಠ ಮಾಡಿಕೊಟ್ಟಿದ್ದು ಭಾವ. ಆರಿಂಚು ಚೌಕದ, ಹತ್ತು ಎಂ.ಎಂ. ದಪ್ಪದ ಪ್ಲೇಟು, ತೂಕ ಎರಡು ಕೆ.ಜಿ.ಗೆ ಸ್ವಲ್ಪ ಕಮ್ಮಿ. ಹೆಚ್ಚಿನ ವೈಸುಗಳ ಕಂಬ ಮೂರು ಸೂತು ದಪ್ಪ ಇರುತ್ತೆ, ಆ ಅಳತೆಯ ತೂತಿರೋ ಗುಬ್ಬೆಯನ್ನ ಪ್ಲೇಟಿಗೆ ವೆಲ್ಡ್ ಮಾಡಿ, ಪಕ್ಕದಲ್ಲಿ ಬಿಗಿಯೋಕೆ ಒಂದು ಬೋಲ್ಟು. ಅಡಿಗೆ ಹಳೇ ಟ್ಯೂಬಿನ ರಬ್ಬರ್. ಜಗಲಿಯ ಕಲ್ಲಿನ ಮೇಲೆ ಕದಲದ ಹಾಗೆ ಕೂರುತ್ತೆ. ಹಳೇ ವೈಸನ್ನ ಭಾವನೇ ಇಟ್ಕೊಂಡರು. ಸಣ್ಣ ವೈರು ಬೆಸುಗೆ ಹಾಕುವಾಗ ಹಿಡ್ಕೊಳ್ಳೋಕೆ ಅದು ಸಾಕಂತೆ.

ಹಿರಿಯರಿಗೆ ಕೊರವನ ಹುಳ ಎರಡು ಕಟ್ಟಿಕೊಟ್ಟೆ, ಕೊಕ್ಕೆಯ ಮುಳ್ಳು ಇಕ್ಕಳದಲ್ಲಿ ಅಮುಕಿ. ಮುಳ್ಳಿಲ್ಲದ ಕೊಕ್ಕೆ ನೋಡಿ, "ಕ್ಯಾಂಪಲ್ಲೂ ಕೊನೆಕೊನೆಗೆ ಹಿಂಗೇ ಮಾಡ್ತಿದ್ವಿ" ಅಂತ ಹೇಳಿ, ಬೀಡಿ ಕಟ್ಟಿನ ಜೊತೆ ಜೇಬಿಗೆ ಹಾಕ್ಕೊಂಡರು. ಪೈಪಿನ ವೆಲ್ಡಿಂಗಿಗೆ ಭಾವ ದುಡ್ಡು ತಗೊಳ್ಳಲಿಲ್ಲ.